ಮಲೆನಾಡಿನ ಮಳೆಗೂ ನೆರಳಿಗೂ ಒಗ್ಗುವ ಫಿಲ್ಮ್ ಕ್ಯಾಮೆರಾ ಯಾವುದು?

ಕಳೆದ ಜೂನ್‌ನಲ್ಲಿ ತೀರ್ಥಹಳ್ಳಿಯಿಂದ ಅಕ್ಕನ ಮಗಳು ಎರಡು ಕ್ಯಾಮೆರಾ ಹಿಡಿದುಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದಳು. ಒಂದು, ಅವಳ ತಂದೆಯ ಕಡೆಯ ಅಜ್ಜ ಅಟ್ಟದ ಮೇಲಿಟ್ಟು ಮರೆತಿದ್ದ ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000. ಇನ್ನೊಂದು, ಪರಿಚಯದವರೊಬ್ಬರು ಮಾರಲು ಕೊಟ್ಟಿದ್ದ ಕ್ಯಾನನ್ ಎಇ-1. ಕ್ಯಾನನ್ ಹೊಸದರಂತೆ ಹೊಳೆಯುತ್ತಿತ್ತು. ಯಾಶಿಕಾದ ಹೊರಗಿನ ಕಪ್ಪು ಹೊದಿಕೆ ಬಾಳೆಕಾಯಿ ಚಿಪ್ಸಿನಂತೆ ಮುರುಟಿ ಉದುರುತ್ತಿತ್ತು. "ಮಾವ, ಇವೆರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ?" ಎಂದಳು.

ಎರಡರ ಲೆನ್ಸನ್ನೂ ಬಿಚ್ಚಿ, ಅಪರ್ಚರ್ (ಬೆಳಕು ಒಳಬರುವ ಕಂಡಿ) ಪೂರ್ತಿ ತೆರೆದು, ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿದು ಓರೆಯಾಗಿ ನೋಡಿದೆವು. ಕ್ಯಾನನ್ ಲೆನ್ಸಿನ ಒಳಗಾಜಿನ ಅಂಚಿನಿಂದ ಸಣ್ಣ ಬಿಳಿ ಎಳೆಗಳು ಗರಿಕೆಯ ಬೇರಿನಂತೆ ಕವಲೊಡೆದು ನಡುವಿನ ಕಡೆಗೆ ಹಬ್ಬಿದ್ದವು. ಬೂಷ್ಟು. ಯಾಶಿಕಾದ ಗಾಜು ಬಾವಿಯ ನೀರಿನಷ್ಟು ತಿಳಿಯಾಗಿತ್ತು. ಅದು ಮೂವತ್ತು ಮಳೆಗಾಲ ಕಂಡ ಕ್ಯಾಮೆರಾ. ಆದರೆ ಆ ಅಟ್ಟ ಅಡುಗೆಮನೆಯ ಒಲೆಯ ನೇರ ಮೇಲಿನದು, ಕಾಳುಮೆಣಸು ಶೀತ ಹಿಡಿಯದಿರಲೆಂದು ಇಡುವ ಜಾಗ. ಕ್ಯಾಮೆರಾ ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿದ್ದುದರಿಂದ ಹೊಗೆಯೂ ಒಳಹೊಕ್ಕಿರಲಿಲ್ಲ.

ಬೇರೆ ಊರಿನವರು ಬರೆದ ಹೋಲಿಕೆಗಳನ್ನು ಓದಿ ಕ್ಯಾಮೆರಾ ಕೊಳ್ಳುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಹೇಳಬೇಕೆನ್ನಿಸಿದ್ದು ಇಷ್ಟೇ: ಆ ಲೆಕ್ಕ ಒಣಹವೆಯ, ಬಿಸಿಲಿನ ಊರಿನ ಲೆಕ್ಕ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಅಡಿಕೆಗೆ ಕೊಳೆರೋಗ ಬರುವ ಅದೇ ತಿಂಗಳುಗಳಲ್ಲಿ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ತೋಟಕ್ಕೆ ಮುಂಚೆಯೇ ಮದ್ದು ಹೊಡೆಯುವವರಿಗೆ ಈ ಮಾತು ವಿವರಿಸಬೇಕಾಗಿಲ್ಲ.

ಮೊದಲು ಗಾಜು, ಆಮೇಲೆ ಹೆಸರು

ಹಳೆಯ ಎಸ್‌ಎಲ್‌ಆರ್ (ಲೆನ್ಸಿನ ನೋಟವನ್ನೇ ಒಳಗಿನ ಕನ್ನಡಿಯ ಮೂಲಕ ಕಣ್ಣಿಗೆ ತೋರಿಸುವ ಕ್ಯಾಮೆರಾ) ಕೊಳ್ಳುವಾಗ ಎಲ್ಲರೂ ಕ್ಯಾಮೆರಾದ ಮೈ ನೋಡುತ್ತಾರೆ. ಚಿತ್ರ ಬರೆಯುವುದು ಲೆನ್ಸ್. ಮೈ ಎಂದರೆ ಫಿಲ್ಮನ್ನು ಸಮತಟ್ಟಾಗಿ ಹಿಡಿದು, ಹೇಳಿದಷ್ಟು ಹೊತ್ತು ಮಾತ್ರ ಬೆಳಕು ಬಿಡುವ ಕತ್ತಲೆಯ ಪೆಟ್ಟಿಗೆ. ಶಟರ್, ಅಂದರೆ ಆ ಬೆಳಕಿನ ಬಾಗಿಲು, ಸರಿಯಿದ್ದರೆ ಅಗ್ಗದ ಪೆಟ್ಟಿಗೆಗೂ ದುಬಾರಿ ಪೆಟ್ಟಿಗೆಗೂ ಫಿಲ್ಮಿನ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಬೂಷ್ಟು ಹಿಡಿದ ಲೆನ್ಸಿನ ವ್ಯತ್ಯಾಸ ಮಾತ್ರ ಬೆಳಕಿಗೆ ಎದುರಾಗಿ ನಿಂತ ತಕ್ಷಣ ಕಾಣುತ್ತದೆ: ಕಪ್ಪು ಬೂದಿಯಾಗುತ್ತದೆ, ಚಿತ್ರದ ಮೇಲೆ ಹಾಲಿನ ಕೆನೆಯಂಥ ಪೊರೆ ಕೂರುತ್ತದೆ. ಎಳೆಯ ಬೂಷ್ಟನ್ನು ಬಿಚ್ಚಿ ಒರೆಸಬಹುದು. ಬಹಳ ಕಾಲ ಕೂತದ್ದು ಗಾಜಿನ ಮೇಲಿನ ಲೇಪನವನ್ನೇ ತಿಂದಿರುತ್ತದೆ. ಒರೆಸಿದ ಮೇಲೂ ಕಲೆ ಉಳಿಯುತ್ತದೆ.

ಕೊಂಡ ಮೇಲೆ ಕಾಪಾಡುವುದು ನಿಮ್ಮ ಕೈಯಲ್ಲಿದೆ. ಕ್ಯಾಮೆರಾದ ಜೊತೆ ಬರುವ ಚರ್ಮದ ಚೀಲದಲ್ಲಿ ಮಳೆಗಾಲದಲ್ಲಿ ಎಂದಿಗೂ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಮೊದಲು ಬೂಷ್ಟು ಬರುವುದೂ ಅದಕ್ಕೇ. ಸ್ಟುಡಿಯೋ ಇಟ್ಟಿದ್ದ ನನ್ನ ಸೋದರಮಾವ ಹುರಿದ ಅಕ್ಕಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಹಾಲಿನಪುಡಿಯ ಡಬ್ಬಿಯಲ್ಲಿ ಲೆನ್ಸಿನ ಜೊತೆ ಇಡುತ್ತಿದ್ದರು. ಅಕ್ಕಿಯ ಹಿಟ್ಟು ದೂಳಾಗಿ ಸೇರುವ ಭಯವಿರುವುದರಿಂದ ನಾನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ ಬಳಸುತ್ತೇನೆ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದು ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಬಾಣಲೆಯೊಂದರಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆರಿದ್ರಾ ಮಳೆಯ ಹೊತ್ತಿಗೆ ನನ್ನ ಮನೆಯಲ್ಲಿ ಇದು ಹತ್ತು ದಿನಕ್ಕೊಮ್ಮೆಯ ಕೆಲಸ.

ಕೈಯಲ್ಲಿ ಹಿಡಿದಾಗ

ಮೋಡ ಕವಿದ ಮಧ್ಯಾಹ್ನ ಅಡಿಕೆ ತೋಟದೊಳಗೆ ನಿಂತು ಬೆಳಕು ಅಳೆದು ನೋಡಿ. 400 ವೇಗದ ಫಿಲ್ಮಿಗೂ (ಸಂಖ್ಯೆ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು) ಎಫ್/2.8ರಲ್ಲಿ, ಅಂದರೆ ಅಪರ್ಚರ್ ಸಾಕಷ್ಟು ತೆರೆದಾಗಲೂ, 1/60 ಸೆಕೆಂಡ್ ಸಿಕ್ಕರೆ ದೊಡ್ಡದು. ಹಾಗಿರುವಾಗ 1/4000 ಸೆಕೆಂಡಿನ ಶಟರ್ ಇದೆಯೆಂದು ಹೆಚ್ಚು ಹಣ ಕೊಡುವುದರಲ್ಲಿ ಈ ತೋಟಕ್ಕೆ ಲಾಭವಿಲ್ಲ. ಲಾಭವಿರುವುದು ಮೂರರಲ್ಲಿ: ಮಬ್ಬಿನಲ್ಲೂ ಫೋಕಸ್ ಕಾಣುವಷ್ಟು ದೊಡ್ಡ, ಬೆಳಗಿದ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಟಕಿ); 1/30ರಲ್ಲಿ ಕೈ ಅಲುಗದಂತೆ ಹಿಡಿಯಲು ಬರುವ ಆಕಾರ; ಕಂಬಳಿಕೊಪ್ಪೆಯೊಳಗಿನಿಂದಲೋ ಕೊಡೆಯನ್ನು ಹೆಗಲಿಗೆ ಒತ್ತಿಕೊಂಡೋ ಬೆರಳಿನಿಂದಲೇ ತಿರುಗಿಸಬಹುದಾದ ಗುಂಡಿಗಳು.

ಈ ಮೂರರಲ್ಲೂ ಮೇಲುಗೈ ಒಲಿಂಪಸ್ ಓಎಂ-1ರದು. 1972ರಲ್ಲಿ ಎಂ-1 ಎಂಬ ಹೆಸರಿನಲ್ಲಿ ಬಂದು ಮರುವರ್ಷ ಓಎಂ-1 ಆದ ಈ ಕ್ಯಾಮೆರಾವನ್ನು ಯೋಶಿಹಿಸಾ ಮೈತಾನಿ ರೂಪಿಸಿದರು. ಅಂದಿನ ಭಾರೀ ಎಸ್‌ಎಲ್‌ಆರ್‌ಗಳ ನಡುವೆ ಇದರ ತೂಕ ಸುಮಾರು 510 ಗ್ರಾಂ. ಇಷ್ಟು ಚಿಕ್ಕ ಮೈಯೊಳಗೆ ಇಷ್ಟು ದೊಡ್ಡ ಕಿಟಕಿ ಹೇಗೆ ಕೂತಿತೋ ಎಂದು ಮೊದಲ ಬಾರಿ ಕಣ್ಣಿಟ್ಟವರೆಲ್ಲ ಬೆರಗಾಗುತ್ತಾರೆ. ಚಿತ್ರದ ಶೇ 97 ಭಾಗ ವ್ಯೂಫೈಂಡರಿನಲ್ಲೇ ಕಾಣುತ್ತದೆ. ಇದರ ಶಟರ್ ವೇಗದ ಉಂಗುರ ಮೇಲಿಲ್ಲ, ಲೆನ್ಸ್ ಕೂರುವ ಜಾಗದ ಸುತ್ತ ಇದೆ. ಅಪರ್ಚರ್ ಲೆನ್ಸಿನ ತುದಿಯಲ್ಲಿ, ಫೋಕಸ್ ಅವೆರಡರ ನಡುವೆ. ಎಡಗೈ ಒಂದೇ ಜಾಗದಲ್ಲಿ ಹಿಂದೆ ಮುಂದೆ ಸರಿದರೆ ಸಾಕು, ಮೂರೂ ಕೆಲಸ ಆಗುತ್ತದೆ. ಬಲಗೈ ಬೆರಳು ಶಟರ್ ಗುಂಡಿ ಬಿಟ್ಟು ಕದಲಬೇಕಾಗಿಲ್ಲ.

ಇದರ ಬೆಲೆ ನನಗೆ ಅರ್ಥವಾದದ್ದು ಅಡಿಕೆ ಕೊಯ್ಯುವ ಕೊನೆಗಾರನೊಬ್ಬ ಮರ ಇಳಿಯದೆ ತುದಿಯಲ್ಲೇ ಜೀಕಿ ಪಕ್ಕದ ಮರ ಹಿಡಿಯುವುದನ್ನು ತೆಗೆಯಲು ನಿಂತಾಗ. ಮೇಲೆ ತೆರೆದ ಆಕಾಶ, ಕೆಳಗೆ ಕತ್ತಲು. ಅವನು ಜೀಕಿದ ಕ್ಷಣಕ್ಕೆ ಬೆಳಕು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಏರಿತು. ಕಣ್ಣು ತೆಗೆಯದೆ ಉಂಗುರವನ್ನು ಎರಡು ಬಾರಿ ಟಕ್ ಟಕ್ ಎನ್ನಿಸಿ 1/125ರಿಂದ 1/500ಕ್ಕೆ ಹೋದೆ. ಶಟರ್ ವೇಗದ ಗುಂಡಿ ಮೇಲಿರುವ ಕ್ಯಾಮೆರಾದಲ್ಲಿ ಅಷ್ಟರೊಳಗೆ ಅವನು ಪಕ್ಕದ ಮರ ಸೇರಿ ಅಡಿಕೆ ಗೊನೆಗೆ ಕತ್ತಿ ಹಾಕಿರುತ್ತಿದ್ದ. ಕನ್ನಡಿ ಎದ್ದು ಬೀಳುವ ಸದ್ದೂ ಇದರಲ್ಲಿ ಮೆತ್ತಗೆ. ಸಕ್ರೆಬೈಲಿನಲ್ಲಿ ತುಂಗೆಯ ನೀರಿಗಿಳಿದ ಆನೆಗಳ ಹತ್ತಿರ ನಿಂತಾಗ ಮೆತ್ತಗಿನ ಸದ್ದಿನ ಕ್ಯಾಮೆರಾ ಸಮಾಧಾನ ಕೊಡುತ್ತದೆ.

ಓಎಂ-1ರ ತೊಂದರೆಗಳೂ ಅಷ್ಟೇ ನಿಜ. ಬೆಳಕು ಅಳೆಯುವ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಿದ್ದು. ಆ ಬ್ಯಾಟರಿ ಈಗ ಮಾರುಕಟ್ಟೆಯಲ್ಲಿಲ್ಲ. 1.5 ವೋಲ್ಟಿನದು ಹಾಕಿದರೆ ಮೀಟರ್ ಬೆಳಕು ಹೆಚ್ಚಿದೆಯೆಂದು ಹೇಳಿ ಚಿತ್ರ ಕಪ್ಪಾಗುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ಅಳತೆಯ ಜಿಂಕ್ ಬ್ಯಾಟರಿ 1.4 ವೋಲ್ಟಿನದು, ಕೆಲಸಕ್ಕೆ ಬರುತ್ತದೆ, ಆದರೆ ಮೇಲಿನ ಪಟ್ಟಿ ಕಿತ್ತ ಮೇಲೆ ಬಹಳ ಕಾಲ ಬಾಳುವುದಿಲ್ಲ. ಇನ್ನೊಂದು ತೊಂದರೆ ನಮ್ಮ ಹವೆಗೆ ನೇರ ಸಂಬಂಧಿಸಿದ್ದು. ವ್ಯೂಫೈಂಡರಿನ ಪ್ರಿಸಂ ಸುತ್ತ ಇಟ್ಟಿರುವ ಸ್ಪಂಜು ಕೊಳೆತು ಅಂಟಾಗಿ ಪ್ರಿಸಂನ ಬೆಳ್ಳಿ ಲೇಪನವನ್ನು ತಿನ್ನುತ್ತದೆ. ಕಣ್ಣಿಟ್ಟಾಗ ಅಡ್ಡಲಾಗಿ ಕಪ್ಪು ಕಲೆ ಕಂಡರೆ ಅದೇ. ಚಿತ್ರಕ್ಕೆ ಅದು ಬಾಧಕವಲ್ಲ. ಆದರೆ ಕಿಟಕಿಗಾಗಿಯೇ ಕೊಳ್ಳುವ ಕ್ಯಾಮೆರಾದ ಕಿಟಕಿಯೇ ಹಾಳಾಗಿದ್ದರೆ ಪೂರ್ತಿ ಬೆಲೆ ಕೊಡಬೇಡಿ.

ಪೆಂಟಾಕ್ಸ್ ಕೆ1000 ಮತ್ತು ಕ್ಯಾನನ್ ಎಇ-1 ಎರಡೂ ಹುಟ್ಟಿದ್ದು 1976ರಲ್ಲಿ. ಒಂದೇ ವರ್ಷದ ಈ ಎರಡು ಕ್ಯಾಮೆರಾಗಳ ಮುಖ ಬೇರೆ ಬೇರೆ ದಿಕ್ಕಿಗೆ. ಎಇ-1 ಮೈಕ್ರೋಪ್ರೊಸೆಸರ್ ಇಟ್ಟುಕೊಂಡು ಬಂದ ಮೊದಲ ಎಸ್‌ಎಲ್‌ಆರ್. ನೀವು ಶಟರ್ ವೇಗ ಹೇಳಿ, ಅಪರ್ಚರ್ ಅದು ನೋಡಿಕೊಳ್ಳುತ್ತದೆ. ಕೆ1000ರಲ್ಲಿ ಎಲ್ಲವೂ ಗೇರು, ಸ್ಪ್ರಿಂಗು, ಬಟ್ಟೆಯ ಪರದೆ. ಬ್ಯಾಟರಿ ಇರುವುದು ಮೀಟರಿನ ಮುಳ್ಳು ಅಲುಗಾಡಿಸುವುದಕ್ಕೆ ಮಾತ್ರ. 1997ರವರೆಗೂ ಹೆಚ್ಚು ಬದಲಾಗದೆ ತಯಾರಾದ ಕ್ಯಾಮೆರಾ ಅದು.

ಹಿಡಿತದಲ್ಲಿ ಕೆ1000 ಒರಟು. ಸುಮಾರು 620 ಗ್ರಾಂ ತೂಕ, ಅಂಚುಗಳು ಚೂಪು, ಯಾವ ವೇಗದಲ್ಲಿದ್ದೀರಿ ಎಂಬುದು ವ್ಯೂಫೈಂಡರಿನಲ್ಲಿ ಕಾಣುವುದಿಲ್ಲ, ಸೆಲ್ಫ್ ಟೈಮರ್ ಇಲ್ಲ. ಮೀಟರ್ ಆರಿಸುವ ಗುಂಡಿಯೂ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕಿದರೆ ಮಾತ್ರ ಬ್ಯಾಟರಿ ಉಳಿಯುತ್ತದೆ. ಆದರೂ ಕಲಿಯುವವರ ಕೈಗೆ ನಾನು ಇದನ್ನು ಧೈರ್ಯವಾಗಿ ಕೊಡುತ್ತೇನೆ. ಬಲಬದಿಯ ಮುಳ್ಳು ನಡುವಿಗೆ ಬಂದರೆ ಬೆಳಕು ಸರಿ. ಮುಳ್ಳು ನಡುವಿನಿಂದ ಎಷ್ಟು ದೂರವಿದೆ ಎಂದು ನೋಡುತ್ತ ನೋಡುತ್ತ ಬೆಳಕನ್ನು ಅಳೆಯುವ ಅಂದಾಜು ತಾನಾಗಿ ಕೈಗೆ ಹತ್ತುತ್ತದೆ. ತೂಕವೂ ನಿಧಾನ ವೇಗದಲ್ಲಿ ಕೈಯನ್ನು ಸ್ಥಿರವಾಗಿಡಲು ನೆರವಾಗುತ್ತದೆ.

ಎಇ-1 ಕೈಗೆ ನುಣುಪು, ಸುಲಭ. ಮಗುವೊಂದು ಅಂಗಳದಲ್ಲಿ ಓಡುತ್ತಿದ್ದರೆ 1/250ಕ್ಕೆ ಇಟ್ಟು ಒತ್ತುತ್ತ ಹೋಗಬಹುದು. ನೀವೇ ಅಪರ್ಚರ್ ಇಡಲು ಹೊರಟರೆ ಮಾತ್ರ ಇದು ಸಹಕರಿಸುವುದಿಲ್ಲ: ಮೀಟರ್ ಸೂಚಿಸಿದ ಸಂಖ್ಯೆ ಒಳಗೆ ಕಾಣುತ್ತದೆ, ನೀವು ಇಟ್ಟದ್ದು ಕಾಣುವುದಿಲ್ಲ, ಕಣ್ಣು ತೆಗೆದು ಲೆನ್ಸ್ ನೋಡಬೇಕು. ತೋಟದ ನೆರಳು ಬಿಸಿಲಿನ ಚುಕ್ಕೆಗಳ ನಡುವೆ ಯಂತ್ರದ ಲೆಕ್ಕ ತಪ್ಪುವುದು ಹೆಚ್ಚು, ಕೈಯಾರೆ ತಿದ್ದಬೇಕಾಗುವುದೂ ಹೆಚ್ಚು. ಶಟರ್ ಒತ್ತಿದಾಗ ಕೀರಲು ಕೆಮ್ಮಿನಂಥ ಸದ್ದು ಬಂದರೆ ಒಳಗೆ ಕನ್ನಡಿಯ ಗೇರಿನ ಎಣ್ಣೆ ಒಣಗಿದೆ ಎಂದು ತಿಳಿಯಿರಿ. ಈ ಕ್ಯಾಮೆರಾದಲ್ಲಿ ಇದು ಬಹಳ ಸಾಮಾನ್ಯ, ಬಿಚ್ಚಿ ಎಣ್ಣೆ ಬಿಡಿಸಿದರೆ ಸರಿಹೋಗುತ್ತದೆ. ಬ್ಯಾಟರಿ ಬಾಗಿಲಿನ ಕೊಂಡಿ ಮುರಿದಿದೆಯೇ ಎಂದೂ ನೋಡಿ.

ನಿಕಾನ್ ಎಫ್‌ಎಂ2 ಬಗ್ಗೆ ಕೆಟ್ಟದಾಗಿ ಹೇಳುವವರು ಯಾರೂ ಇಲ್ಲ, ನಾನೂ ಹೇಳುವುದಿಲ್ಲ. 1982ರಲ್ಲಿ ಬಂದಿತು, ಬ್ಯಾಟರಿಯ ಹಂಗಿಲ್ಲದೆ 1/4000 ಸೆಕೆಂಡ್ ಹೊಡೆಯುವ ಶಟರ್ ಇದರ ಹೆಮ್ಮೆ. ವ್ಯೂಫೈಂಡರಿನಲ್ಲಿ ಶಟರ್ ವೇಗ, ಅಪರ್ಚರ್, ಮೀಟರಿನ ಕೆಂಪು ದೀಪ ಮೂರೂ ಒಟ್ಟಿಗೆ ಕಾಣುತ್ತವೆ. ಮುಸ್ಸಂಜೆಯ ಮಬ್ಬಿನಲ್ಲಿ ಕೆ1000ರ ಮುಳ್ಳು ಕಣ್ಣಿಗೆ ಸಿಗದಿರುವಾಗ ಈ ದೀಪ ಸಿಗುತ್ತದೆ. ಒಂದು ಸೂಕ್ಷ್ಮ: ಫಿಲ್ಮ್ ಎಳೆಯುವ ಲಿವರನ್ನು ಸ್ವಲ್ಪ ಹೊರಗೆ ಎಳೆದಿಟ್ಟರೆ ಮಾತ್ರ ಕ್ಯಾಮೆರಾ ಕೆಲಸ ಮಾಡುತ್ತದೆ. ಎಡಗಣ್ಣಿನಿಂದ ನೋಡುವವರ ಹಣೆಗೆ ಆ ಲಿವರ್ ಚುಚ್ಚುತ್ತದೆ. ನಮ್ಮ ಹುಡುಗಿಯದು ಎಡಗಣ್ಣು. ಕೊಳ್ಳುವ ಮುಂಚೆ ಐದು ನಿಮಿಷ ಕಣ್ಣಿಗೆ ಹಿಡಿದು ನೋಡಿದರೆ ಗೊತ್ತಾಗುವ ಇಂಥ ಸಂಗತಿ ಯಾವ ಅಂಕಿಅಂಶದ ಪಟ್ಟಿಯಲ್ಲೂ ಸಿಗುವುದಿಲ್ಲ.

ಇನ್ನು ಅಜ್ಜನ ಯಾಶಿಕಾ. ಎಫ್‌ಎಕ್ಸ್-3 ಸೂಪರ್ 2000 ಯಾಶಿಕಾ ಹೆಸರಿನಲ್ಲಿದ್ದರೂ ತಯಾರಿಸಿದ್ದು ಜಪಾನಿನ ಕೊಸಿನಾ. ನಿಕಾನ್ ಎಫ್‌ಎಂ10 ಕೂಡ ಅದೇ ಕೊಸಿನಾದ ಕೆಲಸ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಒಂದೇ ಮನೆಯ ಮಕ್ಕಳೆಂದು ಗೊತ್ತಾಗುತ್ತದೆ: ಎರಡಕ್ಕೂ 1/2000ವರೆಗಿನ ಯಾಂತ್ರಿಕ ಶಟರ್, ಎರಡೂ ಅರ್ಧ ಕಿಲೋಕ್ಕಿಂತ ಹಗುರ. ಕೈಗೆ ಸ್ವಲ್ಪ ಟೊಳ್ಳೆನಿಸುತ್ತವೆ, ಲಿವರ್ ಎಳೆದಾಗ ಎಫ್‌ಎಂ2ರ ಬೆಣ್ಣೆಯಂಥ ಜಾರು ಇಲ್ಲ, ಕನ್ನಡಿಯ ಬಡಿತ ಜೋರು. ಆದರೆ ಕವಲೇದುರ್ಗದ ಮೆಟ್ಟಿಲುಗಳನ್ನು ಹತ್ತುವಾಗ, ಕೊಡಚಾದ್ರಿಗೆ ನಡೆದು ಹೋಗುವಾಗ ಕತ್ತಿಗೆ ಭಾರವಾಗದ ಕ್ಯಾಮೆರಾ ಇದು. ಭಾರವೆಂದು ಮನೆಯಲ್ಲಿ ಬಿಟ್ಟುಬಂದ ಕ್ಯಾಮೆರಾದಿಂದ ಯಾವ ಚಿತ್ರವೂ ಬರುವುದಿಲ್ಲ. ಹೊದಿಕೆ ಉದುರುವುದು ಈ ಮಾದರಿಯ ಹಳೆಯ ಕಾಯಿಲೆ, ನೋಟಕ್ಕೆ ಮಾತ್ರ ಕೆಟ್ಟದ್ದು.

ಸೋವಿಯತ್ ಕಾಲದ ಜೆನಿತ್-ಇ ಕೂಡ ಹಳೆಯ ಮನೆಗಳಲ್ಲಿ ಅಲ್ಲಲ್ಲಿ ಸಿಗುತ್ತದೆ. ಅದರ 58 ಎಂಎಂ ಹೆಲಿಯೋಸ್ ಲೆನ್ಸ್ ಚೆಂದ, ಹಿನ್ನೆಲೆಯ ಎಲೆಗಳನ್ನು ಸುಳಿಯಂತೆ ತಿರುಗಿಸುತ್ತದೆ. ಕ್ಯಾಮೆರಾದಲ್ಲಿ ಮಾತ್ರ 1/30ಕ್ಕಿಂತ ನಿಧಾನದ ವೇಗಗಳೇ ಇಲ್ಲ. ಅಪರ್ಚರ್ ಮುಚ್ಚಿದಂತೆ ವ್ಯೂಫೈಂಡರ್ ಕತ್ತಲಾಗುತ್ತದೆ. ತೋಟದ ನೆರಳಿಗೆ ಇದು ಹೊಂದುವುದಿಲ್ಲ. ಮಿನೋಲ್ಟಾ ಎಕ್ಸ್-700ರ ವ್ಯೂಫೈಂಡರ್ ಹಬ್ಬದಂತೆ ಬೆಳಗುತ್ತದೆ, ಆದರೆ ಒಳಗಿನ ಕೆಪಾಸಿಟರ್ ಕೈಕೊಟ್ಟು ಕ್ಯಾಮೆರಾ ನಿಶ್ಚಲವಾಗುವುದು ಅದರಲ್ಲಿ ಮಾಮೂಲು. ಬೆಸುಗೆ ಬಲ್ಲವರು ಹತ್ತಿರದಲ್ಲಿದ್ದರೆ ಕೊಳ್ಳಿ.

ಬ್ಯಾಟರಿ ಎಲ್ಲಿ ಸಿಗುತ್ತದೆ?

ಹೊಸನಗರದಲ್ಲೋ ಆಗುಂಬೆಯ ಹತ್ತಿರದಲ್ಲೋ ಇದ್ದಾಗ ಮೀಟರ್ ಸತ್ತರೆ ಏನು ಮಾಡುತ್ತೀರಿ ಎಂಬುದು ಬೆಲೆಯ ಲೆಕ್ಕದ ಭಾಗವೇ. ಯಾಶಿಕಾ, ಪೆಂಟಾಕ್ಸ್, ನಿಕಾನ್‌ಗಳಿಗೆ ಎಲ್‌ಆರ್44 ಎಂಬ ಗುಂಡು ಬ್ಯಾಟರಿ ಸಾಕು, ಗಡಿಯಾರ ರಿಪೇರಿಯ ಅಂಗಡಿಯಲ್ಲೂ ಸಿಗುತ್ತದೆ. ಸಿಗದಿದ್ದರೂ ಶಟರ್ ನಡೆಯುತ್ತದೆ, ಬೆಳಕನ್ನು ಮೊಬೈಲಿನಲ್ಲಿ ಅಳೆಯಬಹುದು. ಎಇ-1ಕ್ಕೆ 6 ವೋಲ್ಟಿನ 4ಎಲ್‌ಆರ್44 ಬೇಕು. ಅದು ಇಲ್ಲದೆ ಶಟರ್ ಅಲುಗುವುದೇ ಇಲ್ಲ. ಆದರೆ ಆ ಬ್ಯಾಟರಿಯೊಳಗೆ ಇರುವುದು ಒಂದರ ಮೇಲೊಂದು ಕೂತ ನಾಲ್ಕು ಎಲ್‌ಆರ್44ಗಳೇ. ನಾಲ್ಕನ್ನು ಸಾಲಾಗಿ ಜೋಡಿಸಿ ಸುತ್ತ ಕಾಗದ ಸುತ್ತಿ ಅಂಟುಪಟ್ಟಿ ಹಚ್ಚಿದರೆ ಕೆಲಸ ನಡೆಯುತ್ತದೆ.

ಹಣ ಎಲ್ಲಿ ಹೋಗುತ್ತದೆ

ಬೆಲೆ ತಿಂಗಳು ತಿಂಗಳಿಗೆ ಬದಲಾಗುವುದರಿಂದ ರೂಪಾಯಿ ಬರೆಯುವುದಿಲ್ಲ. ಒಳ್ಳೆಯ ಸ್ಥಿತಿಯ ಒಂದು ಎಫ್‌ಎಂ2 ಕೊಳ್ಳುವ ಹಣಕ್ಕೆ ಮೂರು ಯಾಶಿಕಾ ಬಂದಾವು. ಎಇ-1ರ ಬೆಲೆಯಲ್ಲಿ ಅದರ ಹೆಸರಿನ ಪಾಲು ದೊಡ್ಡದು. ಕೊಂಡ ಬೆಲೆಗೆ ರಿಪೇರಿಯನ್ನು ಸೇರಿಸಿಯೇ ಲೆಕ್ಕ ಹಾಕಿ. ಹಳೆಯ ಕ್ಯಾಮೆರಾ ಬಿಚ್ಚಬಲ್ಲವರು ನಮ್ಮ ಜಿಲ್ಲೆಯಲ್ಲಿ ಬೆರಳೆಣಿಕೆ, ಬಹುತೇಕ ಬೆಂಗಳೂರಿಗೆ ಕೊರಿಯರ್ ಮಾಡಬೇಕು. ಹೋಗಿ ಬರುವ ಖರ್ಚು ಬೇರೆ. ನಿಂತ ಯಾಂತ್ರಿಕ ಶಟರನ್ನು ಎಣ್ಣೆ ಹಾಕಿ ಓಡಿಸಬಹುದು, ಆದರೆ ಸುಟ್ಟ ಸರ್ಕ್ಯೂಟಿಗೆ ಇನ್ನೊಂದು ಸತ್ತ ಕ್ಯಾಮೆರಾ ಹುಡುಕಬೇಕು. ಆದ್ದರಿಂದ ಅಗ್ಗಕ್ಕೆ ಸಿಕ್ಕ ಎಲೆಕ್ಟ್ರಾನಿಕ್ ಕ್ಯಾಮೆರಾ ನಮ್ಮಲ್ಲಿ ಅಗ್ಗವಾಗಿ ಉಳಿಯುವುದಿಲ್ಲ.

ಮನೆಯಲ್ಲಿ ಆಗಲೇ ನಿಕಾನ್ ಡಿಜಿಟಲ್ ಇದ್ದು, ಅಪರ್ಚರ್ ಉಂಗುರವಿರುವ 50 ಎಂಎಂ ಎಫ್/1.8 ಡಿ ಲೆನ್ಸ್ ಇದ್ದರೆ ಲೆಕ್ಕವೇ ಬೇರೆ. ಆ ಲೆನ್ಸ್ ಎಫ್‌ಎಂ10ಕ್ಕೂ ಎಫ್‌ಎಂ2ಗೂ ನೇರ ಕೂರುತ್ತದೆ. ಬರಿಯ ಎಫ್‌ಎಂ10 ಮೈ ಕೊಂಡರೆ ಸಾಕು. ಉಂಗುರವಿಲ್ಲದ ಜಿ ಲೆನ್ಸುಗಳು ಕೂತರೂ ಅಪರ್ಚರ್ ಬದಲಿಸಲು ಬರುವುದಿಲ್ಲ. ಕ್ಯಾನನ್ ಬಳಸುವವರಿಗೆ ಈ ಅನುಕೂಲವಿಲ್ಲ: ಎಇ-1ರ ಎಫ್‌ಡಿ ಲೆನ್ಸಿಗೂ ಇಂದಿನ ಇಒಎಸ್ ಲೆನ್ಸಿಗೂ ನೆಂಟಸ್ತಿಕೆ ಇಲ್ಲ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಆಯ್ಕೆ ಕೆ1000 ಅಥವಾ ಸೂಪರ್ 2000, ಯಾವುದರ ಗಾಜು ಶುಭ್ರವೋ ಅದು. ನಡೆದಾಡುವವರಾದರೆ ಯಾಶಿಕಾ. ಮನುಷ್ಯರನ್ನು, ಕೆಲಸದ ಕೈಗಳನ್ನು ತೆಗೆಯುವ ಆಸೆಯಿದ್ದು ಬ್ಯಾಟರಿಯ ತಾಪತ್ರಯ ಸಹಿಸಬಲ್ಲವರಾದರೆ ಓಎಂ-1. ಹತ್ತಾರು ವರ್ಷ ಒಂದೇ ಕ್ಯಾಮೆರಾ ಎಂದು ನಿರ್ಧರಿಸಿದವರು, ಬಲಗಣ್ಣಿನವರು, ಹಣ ಕೂಡಿಟ್ಟು ಎಫ್‌ಎಂ2 ಕೊಳ್ಳಿ. ರಿಪೇರಿ ಮಾಡಿಸಿದ ದಾಖಲೆ ತೋರಿಸದ ಎಇ-1 ಬೇಡ.

ಯಾವುದನ್ನು ಕೊಂಡರೂ ಹಣ ಕೊಡುವ ಮುಂಚೆ ಹಿಂಬಾಗಿಲು ತೆರೆಯಿರಿ. ಬಾಗಿಲಿನ ಅಂಚಿನ ಸ್ಪಂಜನ್ನು ಉಗುರಿನಿಂದ ಮುಟ್ಟಿ. ಕೀಲೆಣ್ಣೆಯಂತೆ ಅಂಟಿದರೆ ಬೆಳಕು ಸೋರುತ್ತದೆ, ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ಯಾಂತ್ರಿಕ ಶಟರಾದರೆ ಅದನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ, ಒಳಗಿನ ಗೇರು ಒಂದೇ ಸಮನೆ ಗುರುಗುಟ್ಟಿ ಮುಗಿಯಬೇಕು, ನಡುವೆ ತಡವರಿಸಬಾರದು. ಮಾರುವವರು ಒಪ್ಪಿದರೆ ಒಂದು ರೋಲ್ ಹಾಕಿ ಓಡಿಸಿ, ತೊಳೆಸಿ ನೋಡಿದ ಮೇಲೆಯೇ ಪೂರ್ತಿ ಹಣ ಕೊಡಿ.

ಅಕ್ಕನ ಮಗಳು ಕ್ಯಾನನ್ ವಾಪಸು ಕೊಟ್ಟಳು. ಯಾಶಿಕಾದ ಉಳಿದ ಹೊದಿಕೆಯನ್ನು ಕೆರೆದು ತೆಗೆದು, ಆಟೋ ಸೀಟು ಹೊಲಿಯುವ ಅಂಗಡಿಯಲ್ಲಿ ಗೇಣುದ್ದ ಕಡುಕಂದು ರೆಕ್ಸಿನ್ ತಂದು, ಕಾಗದದ ಮೇಲೆ ಅಚ್ಚು ತೆಗೆದುಕೊಂಡು ಕತ್ತರಿಸಿ ಅಂಟಿಸಿದೆವು. ಹಿಂಬಾಗಿಲಿನ ಸ್ಪಂಜು ಬದಲಿಸಿದೆವು. ಮೊದಲ ರೋಲ್ ಕಪ್ಪುಬಿಳುಪಿನ 400. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಕೂತ ಬೆಳ್ಳಕ್ಕಿಗಳಿಂದ ಶುರುವಾಗಿ ಮನೆಯ ಹಿತ್ತಲಿನಲ್ಲಿ ಮುಗಿಯಿತು. ತೊಳೆದ ನೆಗೆಟಿವ್ ಪಟ್ಟಿಯನ್ನು ಕಿಟಕಿಗೆ ಹಿಡಿದಾಗ ಚೌಕಗಳ ನಡುವಿನ ಅಂತರ ಎಲ್ಲೂ ಹೆಚ್ಚುಕಡಿಮೆಯಾಗಿರಲಿಲ್ಲ, ಅಂಚಿನಿಂದ ಒಳಗೆ ಬೆಳಕು ಸೋರಿದ ಗುರುತು ಒಂದರಲ್ಲೂ ಇರಲಿಲ್ಲ.